ಕಣ್ಣು ಬಿಟ್ಟ ಫೋಟೊ

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂರುವ ಹೆಂಗಸನ್ನು ಎಲ್ಲರೂ ಫೈಲಕ್ಕ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಫೋಟೊ ತೆಗೆಯುವವನು ಅವಳ ತಮ್ಮ. ಅವನು ತೆಗೆದದ್ದಕ್ಕೆಲ್ಲ ಹೆಸರಿಡುವವಳು ಇವಳು. ಕ್ಯಾಮೆರಾಕ್ಕೆ ಮನುಷ್ಯರೆಂದರೆ ಮರ್ಯಾದೆ ಎಲ್ಲಿದೆ? ಮದುಮಗಳಿರಲಿ ಮಂತ್ರಿಯಿರಲಿ, ಅದು ಕೊಡುವುದು ಬರೀ ಒಂದು ನಂಬರು. ಫೈಲಕ್ಕನಿಗೆ ಅದು ಕಂಡರಾಗದು. ಹೆಸರಿನ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಒಂದು ಕಡೆ ಹಾಕಿ, ತೆಗೆದ ಕ್ರಮದಲ್ಲೇ ಫೋಟೊಗಳನ್ನು ಇನ್ನೊಂದು ಕಡೆ ಹಾಕಿ ಗುಂಡಿ ಒತ್ತುತ್ತಿದ್ದಳು. ಚಿಟಿಕೆ ಹೊಡೆಯುವಷ್ಟರಲ್ಲಿ ನಾನೂರು ನಂಬರು ಹೋಗಿ ನಾನೂರು ಹೆಸರು ಬರುತ್ತಿದ್ದವು.

"ಆಯ್ತು, ಎಲ್ರೂ ಮನುಷ್ಯರಾದ್ರು" ಎಂದು ಕನ್ನಡಕ ಒರೆಸಿಕೊಳ್ಳುವಳು.

"ಒಂದ್ಸಲ ಫೈಲ್ ತೆರ್ದು ನೋಡಕ್ಕ" ಎಂದು ತಮ್ಮ ಹೇಳಿದರೆ ಮೂಗಿನ ತುದಿಯಲ್ಲೇ ಕೋಪ.

"ಪಟ್ಟಿ ಸರಿಯಿದೆ, ಸಾಲು ಸರಿಯಿದೆ. ಇನ್ನು ನೋಡೋದೇನು, ಮಣ್ಣು!"

ಒಂದು ಬೆಳಿಗ್ಗೆ ಪಂಪ್ ಕಾರ್ಖಾನೆಯ ಲೇತ್ ಕೆಲಸಗಾರನ ಹೆಂಡತಿ ಬಂದಳು. ಗಂಡ ಹೋದ ತಿಂಗಳು ತೀರಿಕೊಂಡಿದ್ದ. ಹದಿನಾಲ್ಕು ವರ್ಷದ ಹಿಂದೆ ಗುರುತಿನ ಚೀಟಿಗೆಂದು ಕಾರ್ಖಾನೆಯವರನ್ನೆಲ್ಲ ಇದೇ ಸ್ಟುಡಿಯೋದಲ್ಲಿ ಕೂರಿಸಿ ಫೋಟೊ ತೆಗೆದಿದ್ದರು. ಆ ಚೀಟಿ ಅವನ ಅಂಗಿಯ ಜೇಬಿನಲ್ಲೇ ಉಳಿದು ಎಷ್ಟು ಸಲ ಒಗೆಸಿಕೊಂಡಿತ್ತೋ, ಮುಖವಿದ್ದ ಜಾಗ ಬೆಳ್ಳಗಾಗಿತ್ತು.

"ಕ್ಯಾಮೆರಾ ಕಂಡ್ರೆ ಮುಖಕ್ಕೆ ಕೈ ಅಡ್ಡ ಹಿಡಿಯೋರು. ಮನೇಲಿರೋ ಫೋಟೊದಲ್ಲೆಲ್ಲ ಬರೀ ಕೈ. ಇಲ್ಲೊಂದಾದ್ರೂ ಸಿಗುತ್ತಾ ನೋಡಿ" ಎಂದಳು.

"ಸಿಗದೆ ಎಲ್ಲಿಗೆ ಹೋಗುತ್ತೆ?" ಫೈಲಕ್ಕ ಹೆಸರು ಒತ್ತಿದಳು. ಫೋಟೊ ತೆರೆಯಿತು. ಅವನೇ. ಆದರೆ ಎರಡೂ ಕಣ್ಣು ಮುಚ್ಚಿದ್ದವು.

ಹೆಂಡತಿ ಮುಖ ತಿರುಗಿಸಿಬಿಟ್ಟಳು. "ಕೊನೇ ದಿನ ಹೀಗೇ ಮಲಗಿದ್ರು. ಇದನ್ನ ಗೋಡೆಗೆ ಹಾಕ್ಕೊಂಡು ಹೇಗಮ್ಮ ಇರ್ಲಿ?"

ಮಾತು ಕೇಳಿ ತಮ್ಮ ಒಳಗೆ ಬಂದ. "ಅಕ್ಕ, ಕಣ್ಣು ಮುಚ್ಚಿದೋರನ್ನ ನಾನು ಹಾಗೇ ಎಬ್ಬಿಸಿ ಕಳಿಸೋನಲ್ಲ. ಬೈದಾದ್ರೂ ಇನ್ನೊಂದು ತೆಗ್ದಿರ್ತೀನಿ."

ಫೈಲಕ್ಕನ ಕೈ ನಿಂತಿತು. ಪಟ್ಟಿಯಲ್ಲಿ ಹೆಸರು ಒಂದು, ಫೋಟೊ ಎರಡು. ಹಾಗಾದರೆ ಎರಡನೆಯದಕ್ಕೆ ಯಾರ ಹೆಸರು ಹೋಯಿತು?

ಮುಂದಿನ ಫೈಲಿಗೆ ಕ್ಯಾಂಟೀನ್ ಮೇಲ್ವಿಚಾರಕಿಯ ಹೆಸರಿತ್ತು. ತೆರೆದರೆ ಲೇತ್ ಕೆಲಸಗಾರ ಕಣ್ಣು ಅರಳಿಸಿಕೊಂಡು ಕೂತಿದ್ದ, ತುಟಿಯ ಒಂದೇ ಕೊನೆಯಲ್ಲಿ ನಗುತ್ತಿದ್ದ.

ಹೆಂಡತಿ ಕುರ್ಚಿಯಿಂದ ಎದ್ದೇಬಿಟ್ಟಳು. "ನೋಡಿ, ನೋಡಿ! ಬೈಸ್ಕೊಂಡಾಗ್ಲೆಲ್ಲ ಹೀಗೇ ನಗೋರು. ಈ ನಗು ನೋಡೋಕೇ ಎಷ್ಟೋ ಸಲ ಸುಮ್‌ಸುಮ್ನೆ ಬೈದಿದ್ದೀನಿ." ಅಳು ಒತ್ತರಿಸಿ ಬಂತು, ಅದರ ನಡುವೆಯೇ ನಕ್ಕಳು. ಫೈಲಕ್ಕನ ಕಣ್ಣೂ ಮಂಜಾಯಿತು. ತಮ್ಮ ದೊಡ್ಡ ಅಳತೆಯಲ್ಲಿ ಮುದ್ರಿಸಿ ಕೊಟ್ಟ. ಅವಳು ಅದನ್ನು ಎದೆಗೆ ಒತ್ತಿಕೊಂಡು ಹೋದಳು.

ಆಮೇಲೆ ಫೈಲಕ್ಕ ಉಳಿದ ಫೋಟೊಗಳನ್ನು ತೆರೆದಳು. ಮೇಲ್ವಿಚಾರಕಿಗೆ ಬಣ್ಣ ಬಳಿಯುವವನ ಹೆಸರು, ಅವನಿಗೆ ಗುಮಾಸ್ತನ ಹೆಸರು. ಅಲ್ಲಿಂದ ಮುಂದೆ ಇನ್ನೂರ ಮೂರು ಜನರಿಗೆ ಪಕ್ಕದವರ ಹೆಸರು. ಚೀಟಿಗಳನ್ನು ತಮ್ಮ ಇವಳು ಫೈಲಿಗೆ ಹೆಸರಿಡುವ ಮೊದಲೇ ಮುದ್ರಿಸಿ ಕೊಟ್ಟಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಅಂದು ಕೊನೆಗೆ ಒಂದು ಫೋಟೊ ಹೆಸರಿಲ್ಲದೆ ಉಳಿದದ್ದು ಅವಳಿಗೆ ನೆನಪಾಯಿತು. ಯಾವುದೋ ಹೆಚ್ಚಿನದು ಎಂದು ತೆರೆದೂ ನೋಡದೆ ಬಿಟ್ಟಿದ್ದಳು. ನಾಚಿಕೆಯಿಂದ ತಲೆ ತಗ್ಗಿತು.

ಕಣ್ಣು ಮುಚ್ಚಿದ ಫೋಟೊವನ್ನು ಬೇರೆ ತೆಗೆದಿಟ್ಟು, ಪಟ್ಟಿ ಹಾಕಿ ಮತ್ತೆ ಗುಂಡಿ ಒತ್ತಿದಳು. ಚಿಟಿಕೆ ಹೊಡೆಯುವಷ್ಟರಲ್ಲಿ ಎಲ್ಲರ ಹೆಸರೂ ತಂತಮ್ಮ ಜಾಗಕ್ಕೆ ಬಂತು. ಆದರೆ ಈ ಸಲ ಕನ್ನಡಕ ಒರೆಸಿಕೊಂಡದ್ದು ನೋಡುವುದಕ್ಕೆ. ಒಬ್ಬೊಬ್ಬರನ್ನೇ ತೆರೆದು ಮುಖ ನೋಡುತ್ತಾ ಹೋದಳು. ತಮ್ಮ ಊಟಕ್ಕೆ ಎರಡು ಸಲ ಕರೆದು ಸುಮ್ಮನಾದ.

ಕಟ್ಟಕಡೆಯವನು ಗೇಟಿನ ಕಾವಲುಗಾರ. ಎಲ್ಲರನ್ನೂ ಮುಂದೆ ಕಳಿಸಿ ತಾನು ಕೊನೆಗೆ ಬಂದವನಿರಬೇಕು. ಟೋಪಿ ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದ. ಹದಿನಾಲ್ಕು ವರ್ಷ ಬರೀ ನಂಬರಾಗಿದ್ದವನು.

ಫೈಲಕ್ಕ ಅವನ ಹೆಸರನ್ನು ಗಟ್ಟಿಯಾಗಿ ಓದಿದಳು.

"ತಡ ಆಯ್ತು ಕಣಪ್ಪ" ಎಂದಳು.