ಉಸಿರಾಡುವ ಬಾವಿಗಳು ಮತ್ತು ಮಲ್ಲಿಕಾರ್ಜುನಪ್ಪನವರು

ನೆಲದ ಮೇಲಿನ ನೀರನ್ನು ಅಳೆದವರು ನಮ್ಮ ದೇಶದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನೆಲದ ಕೆಳಗಿನ ನೀರು ವರ್ಷಕ್ಕೆ ಎಷ್ಟು ಇಳಿಯಿತು, ಯಾರಿಂದ ಇಳಿಯಿತು, ಇಳಿದು ಬರಿದಾದ ಜಾಗದಲ್ಲಿ ಏನು ಬಂದು ಕೂತಿತು ಎಂಬುದನ್ನು ಬಾವಿಯಿಂದ ಬಾವಿಗೆ ನಡೆದು ಬರೆದಿಟ್ಟವರು ತೀರ ಕಡಿಮೆ. ಆ ಕೆಲವರಲ್ಲಿ, ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಇದೇ ಡಿಸೆಂಬರ್ ಮೂವತ್ತೊಂದಕ್ಕೆ ನಿವೃತ್ತರಾಗುತ್ತಿರುವ ಪೂಜ್ಯ ಶ್ರೀ ಮಲ್ಲಿಕಾರ್ಜುನಪ್ಪನವರು ಅಗ್ರಗಣ್ಯರೆಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳಬಲ್ಲೆ. ಅಹಮದಾಬಾದಿನ ಕನ್ನಡಿಗರೂ ಕಚೇರಿಯ ಗೆಳೆಯರೂ ಕೂಡಿ ತರುತ್ತಿರುವ ಈ ಅಭಿನಂದನ ಗ್ರಂಥದ ಸಂಪಾದಕರು, ವಿಮಾ ಕಚೇರಿಯ ಹರಿಪ್ರಸಾದರು, ನನ್ನಿಂದ ಲೇಖನ ಕೇಳುವಾಗಲೇ ಒಂದು ಕರಾರು ಹಾಕಿದರು: "ದೆವ್ವದ ಕಥೆ ಒಂದು ಬೇಡ ಮಾರಾಯ್ರೆ, ಮರ್ಯಾದೆಯ ಪುಸ್ತಕ ಇದು." ಆಗಲಿ ಎಂದು ಒಪ್ಪಿಕೊಂಡೆ. ಈಗ ಬರೆಯಲು ಕೂತರೆ ಆ ಮಾತು ಉಳಿಸಿಕೊಳ್ಳುವುದು ಸಾಧ್ಯವಿಲ್ಲ ಅನ್ನಿಸುತ್ತಿದೆ.

ಏಕೆಂದರೆ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ಇಷ್ಟು ದೊಡ್ಡ ಕೆಲಸಗಾರರು ೧೯೬೦ರಲ್ಲಿ ಯಾವ ಸಹಾಯಕ ಸಮೀಕ್ಷಕರ ಕುರ್ಚಿಯಲ್ಲಿ ಕೂತಿದ್ದರೋ ೧೯೬೮ರಲ್ಲಿ ಅದೇ ಕುರ್ಚಿಯಿಂದ ಏಕೆ ಎದ್ದು ಹೋಗುತ್ತಿದ್ದಾರೆ? ಅವರಿಗೆ ಬರಬೇಕಾಗಿದ್ದ ಸಮೀಕ್ಷಕರ ಹುದ್ದೆಯಲ್ಲಿ ಅವರಿಗಿಂತ ಇಪ್ಪತ್ತೈದು ವರ್ಷ ಚಿಕ್ಕವನಾದ ನಾನು, ಶ್ರೀಪಾದ, ಹೇಗೆ ಕೂತಿದ್ದೇನೆ? ಉತ್ತರ ಗೊತ್ತಿರುವವರು ಇಬ್ಬರೇ. ಅವರು ಹೇಳುವವರಲ್ಲ, ಆದ್ದರಿಂದ ನಾನು ಹೇಳಬೇಕಾಗಿದೆ.

ಧಾರವಾಡದ ಕಡೆಯವರಾದ ಮಲ್ಲಿಕಾರ್ಜುನಪ್ಪನವರು ಹಳೆಯ ಮುಂಬಯಿ ಪ್ರಾಂತದ ನೌಕರಿಗೆ ಸೇರಿದವರು. ರಾಜ್ಯಗಳ ವಿಂಗಡಣೆಯಾದಾಗ ಮೈಸೂರಿಗೆ ಹೊರಟುಬಿಡಬಹುದಾಗಿತ್ತು. ಗುಜರಾತಿನ ಬಾವಿಗಳ ದಫ್ತರ ಅರ್ಧ ಆಗಿದೆ, ಅದನ್ನು ಬಿಟ್ಟು ಹೇಗೆ ಹೋಗುವುದು ಎಂದು ಇಲ್ಲಿಯೇ ಉಳಿದರು. ೧೯೬೧ರಲ್ಲಿ ನಾನು ತುಮಕೂರಿನಿಂದ ಹೊಸ ಪದವಿಯ ಗತ್ತಿನೊಡನೆ ಅಹಮದಾಬಾದಿನ ನವರಂಗಪುರದ ನಮ್ಮ ಅಂತರ್ಜಲ ಸಮೀಕ್ಷೆಯ ಕಚೇರಿಗೆ ಬಂದಿಳಿದಾಗ, ಹಾಸಿಗೆ ಸುರುಳಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ನೇರ ತಮ್ಮ ಮನೆಗೆ ಕರೆದೊಯ್ದವರು ಅವರು. ಮೂರು ತಿಂಗಳು ಅವರ ಪತ್ನಿ ಪಾರ್ವತಮ್ಮನವರ ಕೈಯ ರೊಟ್ಟಿ ತಿಂದೆ. "ಮುದ್ದಿ ಇಲ್ಲಂತ ಅಳಬ್ಯಾಡಪ್ಪಾ, ಹಲ್ಲಿಗೂ ಒಂದೀಟು ಕೆಲಸಾ ಕೊಡು" ಎಂದು ಆ ತಾಯಿ ಛೇಡಿಸುತ್ತಿದ್ದುದು ಇನ್ನೂ ಕಿವಿಯಲ್ಲಿದೆ.

ಬಾವಿಯ ನೀರು ಅಳೆಯುವ ಕ್ರಮ ಬಹಳ ಸರಳ. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಇಳಿಬಿಡುವುದು, ಮೇಲೆತ್ತಿದಾಗ ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿ ಬರೆದುಕೊಳ್ಳುವುದು. ಉಗ್ರಾಣದಿಂದ ಸೀಮೆಸುಣ್ಣ ಕಾಲಕ್ಕೆ ಸರಿಯಾಗಿ ಬಂದ ದಾಖಲೆಯೇ ಇಲ್ಲ. ಮಲ್ಲಿಕಾರ್ಜುನಪ್ಪನವರು ಜೇಬಿನಲ್ಲಿದ್ದ ವಿಭೂತಿ ಗಟ್ಟಿಯನ್ನೇ ಟೇಪಿಗೆ ತಿಕ್ಕುತ್ತಿದ್ದರು. "ಶಿವಗೂ ಆತು, ಸರ್ಕಾರಕ್ಕೂ ಆತು" ಎಂದು ನಗುತ್ತಿದ್ದರು. ಹಣೆಯ ಮೇಲೆ ಮೂರು ಬಿಳಿ ಪಟ್ಟೆ, ಕೈಯಲ್ಲಿ ಬೂದಿ ಬಳಿದ ಉದ್ದನೆಯ ಉಕ್ಕಿನ ಪಟ್ಟಿ. ಅದನ್ನು ಅವರು ಮೆಲ್ಲಗೆ ಬಾವಿಗೆ ಇಳಿಸುವುದನ್ನು ಕಂಡ ಹಳ್ಳಿಗರು ಏನೆಂದುಕೊಂಡರು ಎಂದು ಬೇರೆ ಹೇಳಬೇಕೆ? ದೂರದ ದಕ್ಷಿಣದಿಂದ ಬಾವಿಯ ಭೂತ ಬಿಡಿಸುವವರು ಬಂದಿದ್ದಾರೆ ಎಂದು ತೆಂಗಿನಕಾಯಿ ತಂದಿಟ್ಟು ಕೈಮುಗಿದವರನ್ನು ನಾನೇ ಕಂಡಿದ್ದೇನೆ. ಅವರು ಕಾಯಿಯನ್ನು ಹಿಂದಕ್ಕೆ ಕೊಟ್ಟು, ಮುರುಕು ಗುಜರಾತಿಯಲ್ಲಿ ಅರ್ಧ ಗಂಟೆ ವಿವರಿಸುತ್ತಿದ್ದರು. ಜನ ತಲೆಯಾಡಿಸಿ ಕೇಳಿ, ಮತ್ತೆ ಕೈಮುಗಿದು ಹೋಗುತ್ತಿದ್ದರು.

ಸೂರತ್ತಿನಲ್ಲಿ ತಾಪಿ ನದಿಯಾಚೆಯ ಅಡಾಜಣ್ ಹಳ್ಳಿಯ ಬಾವಿಗಳಿಗೆ ಉಪ್ಪು ಏರುತ್ತಿರುವುದನ್ನು ಅವರು ನಾಲಗೆಯಿಂದಲೇ ಮೊದಲು ಪತ್ತೆ ಹಚ್ಚಿದರು, ಪ್ರಯೋಗಶಾಲೆ ಆಮೇಲೆ ಹೌದೆಂದಿತು. ಬರೋಡೆಯ ಹೊರವಲಯದಲ್ಲಿ ಒಂದು ಬಣ್ಣದ ಕಾರ್ಖಾನೆಯ ಮಗ್ಗುಲ ಬಾವಿ ಅರಿಶಿನ ಕದಡಿದ ಹಾಗಾಗಿತ್ತು. ನೀರು ಚೆನ್ನಾಗಿಯೇ ಇದೆ ಎಂದು ಮಾಲೀಕ ವಾದಿಸಿದಾಗ, ಅದೇ ನೀರಿನಲ್ಲಿ ಚಹಾ ಮಾಡಿಸಿ ಅವನ ಮುಂದಿಟ್ಟು, "ಮೊದಲು ತಾವು" ಎಂದು ಕೈಕಟ್ಟಿ ನಿಂತರು. ಲೋಟ ತಣ್ಣಗಾಗುವವರೆಗೂ ಅವನು ಮುಟ್ಟಲಿಲ್ಲ. ತಿಂಗಳೊಳಗೆ ಮೋರಿಯ ದಿಕ್ಕು ಬದಲಾಯಿತು.

ಇನ್ನು ಉಸಿರಿನ ಮಾತು. ಅಹಮದಾಬಾದಿನ ಪೂರ್ವಕ್ಕೆ ಗಿರಣಿಗಳ ಆಚೆ ಒಂದು ಹಳ್ಳಿ; ಅಲ್ಲೊಂದು ಹಳೆಯ ಕಲ್ಲುಬಾವಿ, ಸೊಸೆಯ ಬಾವಿ ಎಂದು ಅದರ ಹೆಸರು. ಯಾವ ಕಾಲದಲ್ಲೋ ಯಾವುದೋ ಮನೆಯ ಸೊಸೆ ಬಿದ್ದಿದ್ದಳಂತೆ. ಗಿರಣಿಗಳು ಕೊಳವೆಬಾವಿ ಇಳಿಸಿ ನೀರೆಳೆಯಲು ತೊಡಗಿದ ಮೇಲೆ ಬಾವಿ ಬತ್ತುತ್ತ ಬಂತು. ಬತ್ತಿದ ಮೇಲೆ ಆ ಸೊಸೆ ನಿಟ್ಟುಸಿರು ಬಿಡತೊಡಗಿದಳು. ಇದು ರಾತ್ರಿಯ ಮಾತಲ್ಲ, ಸುಡುಸುಡು ನಡುಹಗಲಿನಲ್ಲಿ. ಮೊದಲ ಸಲ ಕೇಳಿದಾಗ ನನ್ನ ಮೈಯೆಲ್ಲ ಮುಳ್ಳೆದ್ದಿತು. ಒಂದು ಎಲೆಯೂ ಅಲ್ಲಾಡದ ಬಿಸಿಲು, ಬಾವಿಯ ಕಟ್ಟೆಯ ಮೇಲಿನ ಒಣಹುಲ್ಲು ಮಾತ್ರ ನಡುಗುತ್ತಿದೆ, ತೊಂಬತ್ತು ಅಡಿಯ ಕತ್ತಲೆಯಿಂದ ಉದ್ದನೆಯ ಒಂದು ಹೂಂಕಾರ ಏರಿ ಬರುತ್ತಿದೆ. ಮುಖಕ್ಕೆ ತಾಗಿದ ಗಾಳಿ ತಣ್ಣಗೆ, ಹಳಸಲು ವಾಸನೆಯದಾಗಿತ್ತು.

ಮಲ್ಲಿಕಾರ್ಜುನಪ್ಪನವರು ಚಿಟಿಕೆ ವಿಭೂತಿಯನ್ನು ಪುಡಿ ಮಾಡಿ ಬಾವಿಯ ಬಾಯಿಗೆ ಹಿಡಿದರು. ಪುಡಿ ಕೆಳಗೆ ಬೀಳದೆ ಮೇಲಕ್ಕೆ ಹಾರಿತು. ಸಂಜೆ ಮತ್ತೆ ಹಿಡಿದರು. ಯಾರೋ ಒಳಗಿನಿಂದ ಹೀರಿಕೊಂಡಂತೆ ಒಳಕ್ಕೆ ಹೋಯಿತು.

"ನೀರು ಹೋತು, ಮಣ್ಣಿನ ಸಂದಿಯೊಳಗ ಗಾಳಿ ಬಂದು ಕುಂತದ," ಎಂದರು. "ಹೊರಗಿನ ಗಾಳಿ ಭಾರ ಆದಾಗ ಬಾವಿ ಒಳಗ ಎಳಕೊಳ್ತದ, ಹಗುರ ಆದಾಗ ಹೊರಗ ಬಿಡ್ತದ. ಮಣ್ಣಾಗ ಕುಂತ ಗಾಳಿಯೊಳಗ ಜೀವ ಇರೂದಿಲ್ಲ, ತಮ್ಮಾ. ಬಾವಿ ಉಸಿರು ಬಿಡೂ ಹೊತ್ತಿನಾಗ ಒಳಗ ಇದ್ದಾವ ಹೊಳ್ಳಿ ಬರೂದಿಲ್ಲ."

ಬೆಳಗಿನ ಹೊತ್ತು ಸಾಮಾನ್ಯವಾಗಿ ಬಾವಿ ಒಳಕ್ಕೆ ಎಳೆಯುತ್ತದೆ, ಹತ್ತರ ನಂತರ ಹೊರಕ್ಕೆ ಬಿಡುತ್ತದೆ. ಬಿರುಗಾಳಿ ಮಳೆ ಹತ್ತಿರವಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ಆದ್ದರಿಂದ ಅವರು ನನಗೆ ಹತ್ತು ಸಲ ಹೇಳಿದ್ದರು: "ಬೂದಿ ಹಾರಿಸಿ ನೋಡದ ಯಾರನ್ನೂ ಇಳಿಸಬ್ಯಾಡ. ಲಾಟೀನು ಈಗಿಂದು ಹೇಳತದ, ಬೂದಿ ಮುಂದಿಂದು ಹೇಳತದ." ನಾನೋ, ವಿಜ್ಞಾನ ಓದಿದ ಮಹಾಪಂಡಿತ! ಬೆನ್ನ ಹಿಂದೆ ಅವರಿಗೆ ಬೂದಿಯಪ್ಪ ಎಂದು ಹೆಸರಿಟ್ಟು ಕಚೇರಿಯನ್ನು ನಗಿಸುತ್ತಿದ್ದವನು.

೧೯೬೫ರ ಜೂನ್ ಮೊದಲ ವಾರ. ಅವರು ಬರೋಡೆಗೆ ಹೋಗಿದ್ದರು. ಸೊಸೆಯ ಬಾವಿಯ ತಳದ ಹೂಳು ತೆಗೆಸಿ ಗುರುತಿನ ಕಲ್ಲು ನೆಡಿಸುವ ಕೆಲಸ ನನ್ನದಾಗಿತ್ತು. ಇಳಿಯುವವರು ಜೀವಣಭಾಯಿ, ನಲವತ್ತರ ವಯಸ್ಸಿನ, ನಮ್ಮ ಕಚೇರಿಯ ಖಾಯಂ ಬಾವಿ ಕೆಲಸಗಾರರು. ಬೆಳಿಗ್ಗೆ ಎಂಟು ಗಂಟೆ. ಖಂಭಾತದ ಕಡೆ ಸಮುದ್ರದಲ್ಲಿ ಗಾಳಿಯೆದ್ದಿದೆ ಎಂದು ರೇಡಿಯೊದಲ್ಲಿ ಕೇಳಿದ್ದೆ, ಕೇಳಿ ಮರೆತಿದ್ದೆ. ಒಳಗಿನ ಗಾಳಿ ನೋಡಲು ಲಾಟೀನು ಇಳಿಬಿಟ್ಟೆ, ತಳದವರೆಗೂ ಚೆನ್ನಾಗಿ ಉರಿಯಿತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡ ಜೀವಣಭಾಯಿ ಕಟ್ಟೆಯ ಮೇಲೆ ನಿಂತು ನನ್ನ ಕೈ ನೋಡಿದರು.

"ಸಾಹೇಬ, ರಾಖ?"

ರಾಖ ಎಂದರೆ ಬೂದಿ. ನಾನು ನಕ್ಕೆ. "ಬೂದಿ ಇವತ್ತು ರಜದ ಮೇಲೆ ಬರೋಡೆಗೆ ಹೋಗಿದೆ" ಎಂದೆ. ಅವರೂ ಮರ್ಯಾದೆಗೆ ನಕ್ಕು ಇಳಿದರು.

ಕಾಲು ಗಂಟೆ ಗುದ್ದಲಿಯ ಸದ್ದು ಕೇಳಿಸಿತು. ಆಮೇಲೆ ಕಟ್ಟೆಯ ಒಣಹುಲ್ಲು ಅಲ್ಲಾಡತೊಡಗಿತು. ಹೊರಗೆ ಗಾಳಿಯೇ ಇರಲಿಲ್ಲ. ತಳದಿಂದ ಆ ನಿಟ್ಟುಸಿರು ಏರಿ ಬಂತು, ನಿಲ್ಲದೆ ಬರುತ್ತಲೇ ಇತ್ತು, ಅದರೊಳಗೆ ಗುದ್ದಲಿಯ ಸದ್ದು ಇರಲಿಲ್ಲ. ಹೆಸರು ಹಿಡಿದು ಕೂಗಿದೆ. ಲಾಟೀನು ಮತ್ತೆ ಬಿಟ್ಟರೆ ಅರ್ಧದಲ್ಲೇ ಆರಿತು. ಹಗ್ಗ ಜಗ್ಗಿ ಮೇಲೆ ತರುವಷ್ಟರಲ್ಲಿ ಜೀವಣಭಾಯಿ ಹೋಗಿಬಿಟ್ಟಿದ್ದರು. ಮೈಮೇಲೆ ಒಂದು ತರಚು ಗಾಯವಿರಲಿಲ್ಲ, ಮುಖದಲ್ಲಿ ಹೆದರಿಕೆಯೂ ಇರಲಿಲ್ಲ. ಊರವರು ಸೊಸೆ ತೆಗೆದುಕೊಂಡಳು ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಊರವರು ಆ ಬೂದಿಯನ್ನು ಮಂತ್ರವೆಂದು ನಂಬಿದ್ದರು, ನಾನು ಅದೇ ಬೂದಿಯನ್ನು ಮಂತ್ರವೆಂದು ಹಾಸ್ಯ ಮಾಡಿದ್ದೆ. ಉಪಕರಣವೆಂದು ತಿಳಿದಿದ್ದವರು ಅವರಿಬ್ಬರೇ, ಒಬ್ಬರು ಬರೋಡೆಯಲ್ಲಿದ್ದರು, ಇನ್ನೊಬ್ಬರು ಬಾವಿಯಲ್ಲಿದ್ದರು.

ವಿಚಾರಣೆ ನಡೆಯಿತು. ಬೂದಿ ನೋಡದೆ ಇಳಿಸಿದೆ ಎಂದು ನಾನು ಹೇಳಲಿಲ್ಲ. ಮಲ್ಲಿಕಾರ್ಜುನಪ್ಪನವರು ಎದ್ದು ನಿಂತು, ಗಾಳಿ ಪರೀಕ್ಷೆಯ ಕ್ರಮವನ್ನು ತಾವು ಬರವಣಿಗೆಯಲ್ಲಿ ಕೊಟ್ಟಿರಲಿಲ್ಲ, ಹೊಣೆ ತಮ್ಮದು ಎಂದು ಹೇಳಿಕೆ ಕೊಟ್ಟರು. ಹೊರಗೆ ಬಂದು ಅವರ ಕಾಲು ಹಿಡಿಯಲು ಹೋದಾಗ ತಡೆದರು. "ಸುಳ್ಳು ಹೇಳಿಲ್ಲ ನಾ. ಸರ್ಕಾರಿ ಕಾಗದದಾಗ ವಿಭೂತಿ ಅಂತ ಬರಿಯಾಕ ನಾಚಿಕಿ ಆತು ನನಗ, ಅದಕ್ಕ ಬರದಿರಲಿಲ್ಲ. ನಂದು ಇನ್ನ ಮೂರು ವರ್ಷದ ನೌಕರಿ, ನೀ ಇನ್ನೂ ಮೂವತ್ತು ವರ್ಷ ಬಾವಿ ನೋಡಾಂವ." ಅವರ ಬಡ್ತಿ ನಿಂತಿತು. ಜೀವಣಭಾಯಿ ಪರೀಕ್ಷೆಗೆ ಕಾಯದೆ ಆತುರದಿಂದ ಇಳಿದರು ಎಂಬ ಒಂದು ಸಾಲು ವರದಿಯಲ್ಲಿ ಹೇಗೋ ಸೇರಿಕೊಂಡಿತು, ಅದನ್ನೂ ನಾನು ತಿದ್ದಿಸಲಿಲ್ಲ. ಅಂದಿನಿಂದ ಯಾರಾದರೂ ಬೂದಿ ಎಂದರೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತ ಬಂದಿದ್ದೇನೆ.

ಜೀವಣಭಾಯಿಯವರ ಹೆಂಡತಿ ಮೀರಾಬೇನರಿಗೆ ಕಚೇರಿಯಲ್ಲಿ ನೀರು ಸೇದಿಡುವ ಕೆಲಸ ಕೊಡಿಸಿದವರು ಮಲ್ಲಿಕಾರ್ಜುನಪ್ಪನವರೇ. ಮೂರು ವರ್ಷದಿಂದ ಆಕೆ ಅಂಗಳದ ಬಾವಿಯಿಂದ ಸೇದಿಟ್ಟ ನೀರನ್ನೇ ನಾನು ಕುಡಿಯುತ್ತಿದ್ದೇನೆ. ಆ ಮೂರು ವರ್ಷವೂ ಅವರು ಮೂರು ಜಿಲ್ಲೆ ಸುತ್ತಿ ಉಸಿರಾಡುವ ಬಾವಿಗಳ ಬೇರೆಯೇ ಒಂದು ದಫ್ತರ ಬರೆದರು. ಹೋದ ತಿಂಗಳಿಗೆ ನಲವತ್ತೊಂದು ಬಾವಿಗಳಾಗಿದ್ದವು. ಪ್ರತಿ ಬಾವಿಯ ಕಟ್ಟೆಯ ಮೇಲೂ ಯಾವಾಗ ಇಳಿಯಬಾರದು ಎಂದು ಗುಜರಾತಿಯಲ್ಲಿ ಬರೆಸಿ, ಕೆಳಗೆ ಬೂದಿ ಹಾರಿಸುವ ಕ್ರಮವನ್ನೂ ಬರೆಸಿದರು. ಈ ಬಾವಿಗಳಲ್ಲಿ ಆಮೇಲೆ ಯಾರೂ ಸತ್ತಿಲ್ಲ.

ಇಷ್ಟು ಬರೆದು ಮೊನ್ನೆ ಗುರುವಾರ ಕಚೇರಿಯ ಜಗಲಿಯಲ್ಲಿ ಅವರಿಗೇ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು.

"ಪುಸ್ತಕ ಓದಾವ್ರು ಆಮ್ಯಾಲೆ," ಎಂದರು. "ಮೊದಲ ಆಕಿಗೆ ಹೇಳಿಯೇನು?"

ಇಲ್ಲ ಎಂದೆ.

"ಆಕಿಗೆ ಕನ್ನಡಾ ಬರೂದಿಲ್ಲಲಾ ತಮ್ಮಾ. ನೀನ ಹೋಗಿ ಹೇಳಬೇಕು."

ಮೀರಾಬೇನ್ ಬಾವಿಯ ಹತ್ತಿರ ಕೊಡ ತೊಳೆಯುತ್ತಿದ್ದರು. ಹನ್ನೊಂದು ಗಂಟೆಯ ಬಿಸಿಲು. ನನಗೆ ಬರುವ ಗುಜರಾತಿಯಲ್ಲಿ ಎಲ್ಲ ಹೇಳಿದೆ, ಆ ಹಾಳು ತಮಾಷೆಯನ್ನೂ ಬಿಡದೆ ಹೇಳಿದೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಕೊಡವನ್ನು ಕೆಳಗಿಟ್ಟು ಒಂದೇ ಮಾತು ಕೇಳಿದರು: "ನಮ್ಮವರು ಬೂದಿ ಕೇಳಿದ್ದರೇ?"

"ಕೇಳಿದ್ದರು."

"ಆತುರ ಮಾಡಿ ಸತ್ತ ಅಂತ ನನ್ನ ಮಕ್ಕಳ ಎದುರಿಗೇ ಎಲ್ಲರೂ ಅಂದರು," ಎಂದು ಆಕೆ ನನ್ನ ಹಿಂದೆ ಬಂದು ನಿಂತಿದ್ದ ಮಲ್ಲಿಕಾರ್ಜುನಪ್ಪನವರತ್ತ ಅಂಗೈ ಚಾಚಿದರು. ಅವರು ಜೇಬಿನ ವಿಭೂತಿ ಗಟ್ಟಿಯನ್ನು ಅದರ ಮೇಲಿಟ್ಟರು. "ನಾಲ್ಕು ದಿನದಿಂದ ಈ ಬಾವಿಯೂ ಸದ್ದು ಮಾಡುತ್ತಿದೆ, ಸಾಹೇಬ," ಎಂದರು ಮೀರಾಬೇನ್. ಗಟ್ಟಿಯನ್ನು ಚಿವುಟಿ ಪುಡಿ ಮಾಡಿ, ನಾವೆಲ್ಲ ನೀರು ಕುಡಿಯುವ ಬಾವಿಯ ಬಾಯಿಗೆ ಹಿಡಿದು ಬಿಟ್ಟರು. ಪುಡಿ ಗಳಿಗೆ ಹೊತ್ತು ನಿಂತು, ಮೆಲ್ಲಗೆ ಮೇಲೆದ್ದು, ನನ್ನ ಮುಖಕ್ಕೆ ಬಂದು ಕೂತಿತು.

"ನಲವತ್ತೆರಡು. ಬರ್ಕೋ," ಎಂದರು ಮಲ್ಲಿಕಾರ್ಜುನಪ್ಪನವರು.

ಬರೆದುಕೊಂಡೆ. ಹಳೆಯ ವರದಿಯ ಆ ಸಾಲನ್ನು ತೆಗೆಸಲು, ನನ್ನ ತಪ್ಪನ್ನು ನಮೂದಿಸಿ, ಅಂದೇ ಅರ್ಜಿ ಕೊಟ್ಟಿದ್ದೇನೆ. ಅದರಿಂದ ನನ್ನ ಕುರ್ಚಿ ಹೋದರೆ ಹೋಗಲಿ. ನಿವೃತ್ತರಾದ ಮೇಲೆ ಮಲ್ಲಿಕಾರ್ಜುನಪ್ಪನವರು ಜನವರಿ ಎರಡರಿಂದ ಸಂಬಳವಿಲ್ಲದೆ ನನ್ನೊಡನೆ ಬಾವಿಗಳಿಗೆ ಬರುತ್ತಾರಂತೆ, ಪಾರ್ವತಮ್ಮನವರು ರೊಟ್ಟಿ ಕಟ್ಟಿಕೊಡಲು ಒಪ್ಪಿದ್ದಾರೆ. ಪೂಜ್ಯರ ಮೂಗಿನ ಮುಂದೆ ಚಿಟಿಕೆ ಬೂದಿ ಹಿಡಿದರೆ ಅದು ಇನ್ನೂ ನಲವತ್ತು ವರ್ಷ ಒಳಗೂ ಹೊರಗೂ ಆಡುತ್ತಿರಲಿ ಎಂದು ಆ ಶಿವನನ್ನು ಬೇಡುತ್ತೇನೆ. ನೆಲದ ಬಾವಿಗಳ ಉಸಿರು ನಿಂತು, ಅವುಗಳಲ್ಲಿ ಮತ್ತೆ ನೀರು ನಿಲ್ಲುವುದನ್ನು ಅವರು ಕಣ್ಣಾರೆ ಕಾಣುವಂತಾಗಲಿ.