ಐದನೇ ಲೈನು

ಇವತ್ತು ಯಾದಗಿರಿಯ ಗುಜರಿ ಅಂಗಡಿಯಲ್ಲಿ ಸಾಲು ಗುಂಡಿಗಳಿದ್ದ ಹಳೆಯ ಆಫೀಸು ಫೋನೊಂದು ಕಣ್ಣಿಗೆ ಬಿತ್ತು. ರಿಸೀವರ್ ಎತ್ತಿ ಮೂಸಿದೆ. ಅದೇ ವಾಸನೆ: ಎಲೆಯಡಿಕೆ, ಬೆವರು, ಹತ್ತಿಯ ಧೂಳು.

ಶಹಾಪುರದ ಹತ್ತಿ ಮಿಲ್ಲಿನಲ್ಲಿ ನನ್ನ ಚಿಕ್ಕಮ್ಮ ಇಂಥದೇ ಫೋನಿನ ಮುಂದೆ ಕೂರುತ್ತಿದ್ದಳು. ರಜೆಯಲ್ಲಿ ನಾನು ಅವಳ ಪಕ್ಕದ ಸ್ಟೂಲಿನ ಮೇಲೆ. ಐದು ಲೈನು, ಐದು ಕೆಂಪು ದೀಪ. ಒಬ್ಬರನ್ನು "ಹಿಡಕೊಳ್ರಿ" ಎಂದು ನಿಲ್ಲಿಸಿ, ಇನ್ನೊಬ್ಬರನ್ನು ಸಾಹೇಬರಿಗೆ ಕೊಡುವಳು. ಆದರೆ ಮೊದಲ ರಿಂಗಿಗೆ ಯಾವ ಫೋನನ್ನೂ ಎತ್ತುತ್ತಿರಲಿಲ್ಲ.

"ಒಂದಽ ಸಲ ಕರದ್ರ ಓ ಅನಬಾರದವ್ವ. ಸತ್ತವರಿಗಿ ಎರಡನೇ ಸಲ ಕರಿಯಾಕ ಬರಂಗಿಲ್ಲ. ಮೊದಲನೇದಕ್ಕಽ ಓಗೊಟ್ರ ಸಂಗಾಟ ಕರಕೊಂಡು ಹೋಗ್ತಾರ."

ಐದನೇ ಲೈನು ಸಗರದ ಗೋದಾಮಿನದು. ಅಲ್ಲಿ ಕಾವಲಿದ್ದ ಕಾಕಾ, ಅಂದರೆ ಅವಳ ಗಂಡ, ಗೋದಾಮಿನ ಬೆಂಕಿಯಲ್ಲಿ ತೀರಿಹೋದ ಮೇಲೆ ಆ ಲೈನಿನ ವೈರನ್ನೇ ಕಿತ್ತುಹಾಕಿದ್ದರು. ಆದರೂ ಮಧ್ಯಾಹ್ನ ಬುತ್ತಿಯ ಹೊತ್ತಿಗೆ ಆ ದೀಪ ಹೊತ್ತಿಕೊಳ್ಳುತ್ತಿತ್ತು. ಒಂದೇ ರಿಂಗು. ಚಿಕ್ಕಮ್ಮನ ಕೈ ರಿಸೀವರಿನವರೆಗೂ ಹೋಗಿ ನಿಲ್ಲುತ್ತಿತ್ತು.

"ಬುತ್ತಿ ಕೇಳಾಕತ್ತಾರ," ಎನ್ನುತ್ತ ನನ್ನನ್ನು ಗಟ್ಟಿಯಾಗಿ ಹಿಡಿದುಕೊಳ್ಳುವಳು.

ಒಂದು ಮಧ್ಯಾಹ್ನ ಹಿಡಿದುಕೊಳ್ಳಲಿಲ್ಲ. ಮೊದಲ ರಿಂಗಿಗೇ ಎತ್ತಿ, ಕೇಳಿಸಿಕೊಂಡು, "ಹೂಂರಿ, ನಾನಽ ತರ್ತೀನಿ" ಎಂದಳು. ಮನೆಗೆ ಬರುವಷ್ಟರಲ್ಲಿ ಮೈ ಸುಡುತ್ತಿತ್ತು. ಮಲಗಿದವಳು ಮತ್ತೆ ಏಳಲಿಲ್ಲ.

"ತೊಗೊಳ್ರಿ, ಗಟ್ಟಿ ಮಾಲು ಅದ," ಎಂದರು ಗುಜರಿ ಅಂಗಡಿಯ ಚಾಚಾ. "ಮುಂಜಾನಿ ಒಮ್ಮೆ ರಿಂಗ್ ಆತು ನೋಡ್ರಿ."

ಫೋನಿನ ಹಿಂದೆ ಗೇಣುದ್ದದ ತುಂಡು ವೈರು ಜೋತಾಡುತ್ತಿತ್ತು.

"ನೀವು ಎತ್ತಿದ್ರೇನು?" ಎಂದೆ.

ಚಾಚಾ ನಕ್ಕರು. "ಎತ್ತದಽ ಬಿಡ್ತೀವೇನ್ರಿ?"