ಹಗುರ ನೀರು ಕೊನೆಗೆ ಕುದಿಯುವುದೇಕೆಂದು ಬಲ್ಲ ಭಟ್ಟಿಯಕ್ಕ

ಬೆಳಗಿನ ಐದೂವರೆ. ಬಣ್ಣದ ಕಾರ್ಖಾನೆಯ ಹಿಂದಿನ ತಗಡಿನ ಶೆಡ್‌ನಲ್ಲಿ ಭಟ್ಟಿಯಕ್ಕ ಹಬೆಯ ತಿರುಪು ತೆರೆಯುತ್ತಾರೆ. ಆಳೆತ್ತರದ ಸ್ಟೀಲ್ ಹಂಡೆಯೊಳಗೆ ಯಂತ್ರ ತೊಳೆದು ಕೊಳೆಯಾದ ದ್ರಾವಣ: ಅಸಿಟೋನ್, ಆಲ್ಕೋಹಾಲ್, ನೀರು, ಎಲ್ಲ ಕಲಸುಮೇಲೋಗರ. ಕುದಿಸಿ, ಭಟ್ಟಿ ಇಳಿಸಿ ಅವನ್ನು ಬೇರೆ ಮಾಡುವುದು ಇವರ ಕೆಲಸ. ಉಷ್ಣಮಾಪಕದ ಪಾದರಸ ಏರುತ್ತ ಐವತ್ತಾರು ಡಿಗ್ರಿಗೆ ಬಂದು ಕೂತುಬಿಡುತ್ತದೆ.

"ಅಸಿಟೋನ್ ಹೊರಡ್ತು ನೋಡಿ. ಅದು ಯಾವಾಗ್ಲೂ ಗಡಿಬಿಡಿ ಗಿರಾಕಿ," ಎಂದು ನಗುತ್ತಾರೆ. ಎಪ್ಪತ್ತೆಂಟಕ್ಕೆ ಆಲ್ಕೋಹಾಲ್. ಕೊನೆಗೆ ಉಳಿಯುವುದು ನೀರು. ದಿನಕ್ಕೆ ನಾನೂರು ಲೀಟರ್, ಎಂಟು ವರ್ಷದಿಂದ. "ಭಟ್ಟಿ ಅಂದ್ರೆ ಸಾರಾಯಿನೇ ಅಂತ ನಮ್ಮತ್ತೆ ಈಗ್ಲೂ ನನ್ನ ಬಾಯಿ ಮೂಸಿ ನೋಡ್ತಾರೆ!"

ಕುದಿಸುವವರು ಇವರು; ಶೆಡ್ಡಿನ ದಾಖಲೆ ಪುಸ್ತಕಕ್ಕೆ ಸಹಿ ಮಾತ್ರ ಮೇಲ್ವಿಚಾರಕರದು. ಆತ ಈ ಕಡೆ ತಲೆ ಹಾಕಿ ತಿಂಗಳಾಯಿತು. ಆವಿಗೆ ಕಿಡಿ ತಗುಲಿದರೆ ಸುಡುವುದು ಯಾರ ಮೈ ಎಂದು ಆ ಸಹಿಯನ್ನೇ ಕೇಳಬೇಕು. ಸ್ವಂತ ಸಹಿಗೆ ಪರವಾನಗಿ ಬೇಕು, ಪರವಾನಗಿಗೆ ಮೌಖಿಕ ಪರೀಕ್ಷೆ. ಹೋದ ವರ್ಷ ಇವರು ಫೇಲು. ನೀರೇ ಏಕೆ ಕೊನೆಗೆ ಕುದಿಯುತ್ತದೆ ಎಂದು ಕೇಳಿದ್ದಕ್ಕೆ "ಅದೇ ಭಾರ ಅಲ್ವಾ ಸಾರ್" ಎಂದಿದ್ದರು. ಪುಸ್ತಕದ ಮಾತಲ್ಲ ಅದು, ಕ್ಯಾನು ಎತ್ತಿ ಎತ್ತಿ ಸೋತ ಸೊಂಟದ ಮಾತು: ಮೂರರಲ್ಲಿ ನೀರಿನ ಕ್ಯಾನೇ ಹೆಚ್ಚು ತೂಕ.

ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾದಿನಿ ತಿದ್ದಿದರು. "ಅತ್ತಿಗೆ, ಕ್ಯಾನು ತೂಗ್ಬೇಡಿ, ಕಣ ತೂಗಿ. ಒಂದೊಂದೇ ಕಣ ತೂಗಿದ್ರೆ ನೀರೇ ಎಲ್ಲಕ್ಕಿಂತ ಹಗುರ."

ಇಂದು ಹತ್ತು ಗಂಟೆಗೆ ಶೆಡ್ಡಿನಲ್ಲೇ ಮತ್ತೆ ಪರೀಕ್ಷೆ. ಪರೀಕ್ಷಕರು ಹೋದ ವರ್ಷದವರೇ, ಪ್ರಶ್ನೆಯೂ ಅದೇ. "ಈ ಸಲ ಯಾವುದಮ್ಮಾ ಭಾರ?" ಎಂದು ಕೆಣಕುತ್ತಾರೆ.

"ಹೋದ್ಸಲ ನನ್ನ ಸೊಂಟ ದಾರಿ ತಪ್ಪಿಸ್ತು ಸಾರ್. ನೀರಿನ ಕಣ ಹಗುರಾನೇ. ಆದ್ರೆ ಒಂದನ್ನೊಂದು ಗಟ್ಟಿಯಾಗಿ ಹಿಡ್ಕೊಂಡಿರ್ತವೆ. ಅಸಿಟೋನ್ ಕಣ ಭಾರ, ಹಿಡಿತ ಮಾತ್ರ ಸಡಿಲ. ಒಂಚೂರು ಬಿಸಿ ತಾಗಿದ್ರೆ ಕೈಬಿಟ್ಟು ಓಡ್ತವೆ. ಆಲ್ಕೋಹಾಲ್ ನಡುವಿನದು. ಕುದಿಯೋದು ಅಂದ್ರೆ ಆ ಹಿಡಿತ ಬಿಡಿಸೋದು ಸಾರ್. ಹಿಡಿತ ಜಾಸ್ತಿ ಆದಷ್ಟೂ ಬಿಸಿ ಜಾಸ್ತಿ ಬೇಕು."

ಪರೀಕ್ಷಕರು ಪರವಾನಗಿಗೆ ಮೊಹರು ಒತ್ತುತ್ತಾರೆ. ಭಟ್ಟಿಯಕ್ಕ ಕೈ ಒರೆಸಿಕೊಂಡು ದಾಖಲೆ ಪುಸ್ತಕಕ್ಕೆ ಸಹಿ ಹಾಕುತ್ತಾರೆ, ಎರಡು ಗೆರೆ ದಾಟುವಷ್ಟು ದೊಡ್ಡದಾಗಿ. ಪರೀಕ್ಷೆ ನೋಡಲೆಂದು ಬಂದ ಮೇಲ್ವಿಚಾರಕರು ಗಂಟಲು ಸರಿಮಾಡಿಕೊಳ್ಳುತ್ತಾರೆ. "ಇನ್ಮೇಲೆ ತಪ್ಪಾದ್ರೆ ನಿಮ್ಮ ತಲೆಗೇ ಬರುತ್ತೆ, ನೆನಪಿರಲಿ."

"ತಪ್ಪು ಮೊದ್ಲಿಂದ್ಲೂ ನನ್ನ ತಲೆಗೇ ಬರ್ತಿತ್ತು ಸಾರ್. ಇನ್ಮೇಲೆ ಸರಿಯಾಗಿದ್ದೂ ನಂದೇ."